ಅತ್ತೆ ಇನ್ನೂ ಹುಟ್ಟಿರಲಿಲ್ಲ

ತನ್ವಿ, ಚಿರಂತ್,

ಹೋದ ಭಾನುವಾರ ಅರಕಲಗೂಡಿನಲ್ಲಿ ನಿಮ್ಮಮ್ಮನ ಹಳೆಯ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತು ನೀವಿಬ್ಬರೂ ಜಗಳವಾಡಿದ್ದು ನೆನಪಿದೆಯೇ? ಸಿ ಡ್ರೈವ್ ಇದೆ, ಡಿ ಡ್ರೈವ್ ಇದೆ, ಎ ಮತ್ತು ಬಿ ಎಲ್ಲಿ ಹೋದವು ಎಂದು ತನ್ವಿ ಕೇಳಿದಳು. ಮಾಡಿದವರು ಮರೆತಿರಬೇಕು ಎಂದ ಚಿರಂತ್. ನಾನು ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತಿದ್ದೆ. "ಮರೆತಿಲ್ಲ ಕಣೋ, ಅದು ಫ್ಲಾಪಿಗೆ ಬಿಟ್ಟಿರೋ ಜಾಗ" ಎಂದೆ. ಇಬ್ಬರೂ ತಿರುಗಿ ನನ್ನನ್ನೇ ನೋಡಿದಿರಿ. ನಿಮ್ಮಪ್ಪನೂ ಪೇಪರಿನಿಂದ ತಲೆಯೆತ್ತಿದರು. ಅಷ್ಟಕ್ಕೇ ನನ್ನ ಮುಖವೆಲ್ಲ ಬಿಸಿಯಾಗಿ, ಮೊರ ಎತ್ತಿಕೊಂಡು ಅಡುಗೆಮನೆಗೆ ಹೋಗಿಬಿಟ್ಟೆ. "ಅಜ್ಜಿಗೆ ಹೆಂಗೆ ಗೊತ್ತು?" ಎಂದು ಆಮೇಲೂ ಹಿಂದೆ ಹಿಂದೆ ಬಂದಿರಿ. ನಾಲ್ಕು ಜನ ನೋಡುತ್ತಿದ್ದರೆ ನನಗೆ ಮಾತು ಗಂಟಲಲ್ಲೇ ನಿಲ್ಲುತ್ತದೆ. ಬರೆಯುವುದಾದರೆ ಪರವಾಗಿಲ್ಲ. ಅದಕ್ಕೇ ಇದು.

ಊರಿಗೆ ವಾಪಸು ಬರುವಾಗ ಹೊಳೆನರಸೀಪುರದಲ್ಲಿ ಬಸ್ಸು ಬದಲಿಸಬೇಕಿತ್ತು. ಇನ್ನೂ ಹೊತ್ತಿತ್ತೆಂದು ಪೇಟೆಬೀದಿಯಲ್ಲಿ ಹಾಗೇ ನಡೆದೆ. ರಾಜಪ್ಪ ಮೇಷ್ಟ್ರು ಟೈಪಿಂಗ್ ಮತ್ತು ಕಂಪ್ಯೂಟರ್ ಹೇಳಿಕೊಡುತ್ತಿದ್ದ ಮಹಡಿಯ ಕೋಣೆಯಲ್ಲಿ ಈಗ ಹೊಲಿಗೆ ಮಿಷನ್ ರಿಪೇರಿ ಅಂಗಡಿಯಿದೆ. ಮೆಟ್ಟಿಲ ಬುಡದಲ್ಲಿ ನಿಂತಾಗ ಮಿಷನ್ ಎಣ್ಣೆಯ ವಾಸನೆ ಬಂತು. ಮೇಷ್ಟ್ರ ಕಾಲದಲ್ಲೂ ಅಲ್ಲಿ ಅದೇ ವಾಸನೆ. ಆ ಮುಂಗಾರು ಪೂರ್ತಿ ನನ್ನ ಕಣ್ಣ ಮುಂದೆ ಬಂತು.

ನಿಮ್ಮ ತಾತ ತೀರಿಹೋಗಿ ಕೆಲವು ವರ್ಷ ಕಳೆದಿತ್ತು. ನಿಮ್ಮಮ್ಮ ಗೀತಾ ಹಾಸನದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಮನೆಯಲ್ಲಿ ನಾನು, ನನ್ನ ಅತ್ತೆ ನಂಜಮ್ಮ, ಎರಡು ಹಸು. ನಾನು ಊರ ಸ್ಕೂಲಿನಲ್ಲಿ ಹತ್ತನೇ ಕ್ಲಾಸಿನವರೆಗೆ ಓದಿದ್ದೆನೆಂದು ಹೆಂಗಸರ ಡೈರಿಗೆ ನನ್ನನ್ನೇ ಸೆಕ್ರೆಟರಿ ಮಾಡಿದ್ದರು. ಡೈರಿ ಎಂದರೆ ಊರಿನ ಹೆಂಗಸರು ಬೆಳಿಗ್ಗೆ, ಸಂಜೆ ಹಾಲು ತಂದು ಹೊಯ್ಯುವ ಒಂದು ಕೋಣೆ, ಮುಂದೆ ಶೀಟು ಹಾಕಿದ ಜಗಲಿ. ಹಾಲು ಅಳೆದು, ನೀರು ಬೆರೆತಿದೆಯೇ ಎಂದು ಡಿಗ್ರಿ ನೋಡಿ, ಕ್ಯಾನಿಗೆ ತುಂಬಿಸಿಟ್ಟರೆ ವ್ಯಾನು ಬಂದು ಒಯ್ಯುತ್ತಿತ್ತು.

ಆ ಡೈರಿಯಲ್ಲಿ ಒಂದು ಪದ್ಧತಿಯಿತ್ತು. ದಿನದ ಮೊದಲ ಅಳತೆ ಎಲ್ಲರಿಗಿಂತ ಹಿರಿಯಳದ್ದು. ನಾನು ಮದುವೆಯಾಗಿ ಬರುವ ಮೊದಲು, ಡೈರಿ ಶುರುವಾದ ಬೆಳಿಗ್ಗೆ ಹೆಂಗಸರೆಲ್ಲ ಚೊಂಬು, ಪಾತ್ರೆ ಹಿಡಿದು ಬಂದಿದ್ದರಂತೆ, ಹೊಯ್ಯಲು ಮಾತ್ರ ಯಾರಿಗೂ ಧೈರ್ಯವಿಲ್ಲ. ಮನೆಯ ಹಾಲು ಮಾರಿದರೆ ಹಸು ಬತ್ತಿಹೋಗುತ್ತದೆ, ಕರುವಿನ ಶಾಪ ತಟ್ಟುತ್ತದೆ ಎಂಬ ಹೆದರಿಕೆ. ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದಾಗ ಅತ್ತೆ ಮುಂದೆ ಬಂದು, "ಏನಾರ ಕೆಟ್ಟದ್ದಾಗೋದಾದ್ರೆ ನಂಗೇ ಆಗ್ಲಿ ಬುಡಿ, ನಾನು ಎಲ್ಲಾರ್ಗಿಂತ ದೊಡ್ಡೋಳು" ಎಂದು ಚೊಂಬು ಬಗ್ಗಿಸಿದರಂತೆ. ಅವತ್ತಿನಿಂದ ಮೊದಲ ಅಳತೆ ಅತ್ತೆಯದು. ಹೊಸದಾಗಿ ಮದುವೆಯಾಗಿ ಬಂದ ಸೊಸೆಯರಿಗೆ ಅದು ಯಾಕೆಂದು ಗೊತ್ತಿರಲಿಲ್ಲ. ಗೊತ್ತಿಲ್ಲದೆಯೂ ಅತ್ತೆಗೆ ದಾರಿ ಬಿಡುತ್ತಿದ್ದರು.

ಎಂಬತ್ತು ದಾಟಿದರೂ ಅತ್ತೆ ಮನೆಯ ಹಾಲಿನ ಕ್ಯಾನನ್ನು ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ನಾನು ಹಾಲು ಕರೆದಿಟ್ಟು ಕತ್ತಲಿರುವಾಗಲೇ ಡೈರಿಯ ಬೀಗ ತೆಗೆಯಲು ಹೋಗುತ್ತಿದ್ದೆ. ಅವರು ತಲೆಯ ಮೇಲೆ ಸೆರಗು ಎಳೆದುಕೊಂಡು, ಬೀದಿಯ ಮಧ್ಯದಲ್ಲೇ ನಡೆದು ಬರುತ್ತಿದ್ದರು.

ಚಿಕ್ಕತ್ತೆಯ ವಿಷಯವನ್ನೂ ಹೇಳಬೇಕು. ಅವರ ಹೆಸರು ದೇವಮ್ಮ. ಅತ್ತೆಯ ಓರಗಿತ್ತಿ, ಎಂದರೆ ಅತ್ತೆಯ ಮೈದುನನ ಹೆಂಡತಿ. ಮನೆ ಪಾಲಾದ ಮೇಲೆ ಮಧ್ಯೆ ಒಂದು ಗೋಡೆ ಎದ್ದಿತ್ತು. ಆ ಗೋಡೆಯ ಆಚೆ ಈಚೆ ನಿಂತು ಇಬ್ಬರೂ ದಿನಕ್ಕೊಂದು ಸಲವಾದರೂ ಜಗಳವಾಡಬೇಕು. ಕೋಳಿ ದಾಟಿತು, ನೀರು ಹರಿಯಿತು, ಬೆರಣಿ ನನ್ನ ಕಡೆ ತಟ್ಟಿದೆ, ಹೀಗೆ.

ಆ ವರ್ಷ ಆಲೂಗಡ್ಡೆ ನಾಟಿ ಮುಗಿದು, ರಾಗಿಗೆ ಹೊಲ ಹಸನು ಮಾಡುವ ಹೊತ್ತಿಗೆ ಮಳೆ ಹಿಡಿಯಿತು. ಜೋರು ಮಳೆಯಲ್ಲ, ದಿನವೆಲ್ಲ ಜಿಟಿಜಿಟಿ. ಬದುವಿನಲ್ಲಿ ಹಸಿರು ಹುಲ್ಲು ಬೆಳೆದು ಹಾಲೂ ಹೆಚ್ಚಾಯಿತು. ಆಗಲೇ ನಮ್ಮ ಡೈರಿಗೆ ಕಂಪ್ಯೂಟರ್ ಬಂತು. ಹಾಸನದಿಂದ ಕಿರಣ ಎಂಬ ಹುಡುಗ ಬೈಕಿನಲ್ಲಿ ಪ್ಲಾಸ್ಟಿಕ್ ಸುತ್ತಿಕೊಂಡು ತಂದು ಜೋಡಿಸಿದ. ಪಾಪ, ಅವನಿಗೆ ನಮ್ಮಂಥ ಊರುಗಳು ಇನ್ನೂ ಎಷ್ಟೋ ಇದ್ದವು, ನಿಂತ ಕಾಲಲ್ಲೇ ಕೆಲಸ.

ಸೆಕ್ರೆಟರಿ ಕಂಪ್ಯೂಟರ್ ಕಲಿಯಲೇಬೇಕು ಎಂದಾಯಿತು. ಬೆಳಗಿನ ಹಾಲಿಗೂ ಸಂಜೆಯ ಹಾಲಿಗೂ ನಡುವೆ ಬಸ್ಸು ಹತ್ತಿ ನಾನು ರಾಜಪ್ಪ ಮೇಷ್ಟ್ರ ಕ್ಲಾಸಿಗೆ ಹೋಗುತ್ತಿದ್ದೆ. ಅಲ್ಲಿದ್ದವರೆಲ್ಲ ಕಾಲೇಜು ಹುಡುಗಿಯರು. ನಾನು ಒದ್ದೆ ಛತ್ರಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದೆ. ಪ್ರಶ್ನೆ ಕೇಳುವುದು ದೂರದ ಮಾತು, ಹಾಜರಿ ಕರೆದರೆ ಕೈ ಮಾತ್ರ ಎತ್ತುತ್ತಿದ್ದೆ.

ಕೋಣೆಯ ಒಂದು ಕಡೆ ಕಂಪ್ಯೂಟರುಗಳು, ಇನ್ನೊಂದು ಕಡೆ ಬಟ್ಟೆ ಹೊದಿಸಿಟ್ಟ ಹಳೆಯ ಟೈಪ್‌ರೈಟರುಗಳು. ಮೇಷ್ಟ್ರು ಅವನ್ನು ಮಾರಿರಲಿಲ್ಲ. ವಾರಕ್ಕೊಮ್ಮೆ ಎಣ್ಣೆ ಬಿಟ್ಟು ಒರೆಸುತ್ತಿದ್ದರು. ಕಂಪ್ಯೂಟರಿನಲ್ಲಿ ಏನಾದರೂ ವಿಚಿತ್ರ ಕಂಡರೆ ಎದ್ದುಹೋಗಿ ಒಂದು ಬಟ್ಟೆ ಸರಿಸುತ್ತಿದ್ದರು.

"ಈ ಗುಂಡಿಗೆ ಶಿಫ್ಟ್ ಅಂತ ಯಾಕೆ ಹೆಸರು, ಹೇಳ್ರಮ್ಮ ನೋಡೋಣ?" ಎಂದು ಕೇಳಿ, ಟೈಪ್‌ರೈಟರಿನ ಗುಂಡಿ ಒತ್ತಿ ತೋರಿಸುತ್ತಿದ್ದರು. ಒತ್ತಿದರೆ ಕಾಗದ ಹಿಡಿದ ಆ ಕಬ್ಬಿಣದ ಗಾಡಿಯೇ ಮೇಲಕ್ಕೆದ್ದು ದೊಡ್ಡಕ್ಷರ ಬೀಳುತ್ತಿತ್ತು. "ಇಲ್ಲಿ ನಿಜವಾಗ್ಲೂ ಜಾಗ ಬದಲಾಗ್ತಿತ್ತು. ಅಲ್ಲಿ ಏನೂ ಬದಲಾಗಲ್ಲ, ಹೆಸರು ಮಾತ್ರ ಉಳ್ಕೊಂಡಿದೆ." ಸಾಲು ಮುಗಿದಾಗ ಗಾಡಿಯನ್ನು ಹಿಂದಕ್ಕೆಳೆಯುವುದು ಒಂದು ಕೆಲಸ, ಕಾಗದವನ್ನು ಒಂದು ಸಾಲು ಮೇಲೆ ಸುತ್ತುವುದು ಇನ್ನೊಂದು ಕೆಲಸ. ಈಗಲೂ ನಾವು ಎಂಟರ್ ಒತ್ತಿದರೆ ವಿಂಡೋಸ್ ಒಳಗೊಳಗೇ ಎರಡು ಗುರುತು ಬರೆದುಕೊಳ್ಳುತ್ತದಂತೆ, ಎಳೆದದ್ದಕ್ಕೆ ಒಂದು, ಸುತ್ತಿದ್ದಕ್ಕೆ ಒಂದು. ಗಾಡಿಯೂ ಇಲ್ಲ, ಕಾಗದವೂ ಇಲ್ಲ. ನನಗೆ ಆ ಕಂಪ್ಯೂಟರಿನ ಮೇಲೆ ಪ್ರೀತಿ ಹುಟ್ಟಿದ್ದು ಅವತ್ತು. ಅದುವರೆಗೂ ಭಯ ಮಾತ್ರ ಇತ್ತು.

ಎ ಮತ್ತು ಬಿ ಕಥೆಯೂ ಅಲ್ಲೇ ತಿಳಿದದ್ದು. ಮೊದಮೊದಲ ಕಂಪ್ಯೂಟರುಗಳಿಗೆ ಒಳಗೆ ಸ್ವಂತ ಉಗ್ರಾಣವೇ ಇರಲಿಲ್ಲ. ಫ್ಲಾಪಿ ಎಂಬ ತೆಳುವಾದ ಚಚ್ಚೌಕ ತಟ್ಟೆಗಳನ್ನು ತೂರಿಸಬೇಕಿತ್ತು. ತೂರಿಸುವ ಎರಡು ಬಾಯಿಗೆ ಎ, ಬಿ ಎಂದು ಹೆಸರು. ಆಮೇಲೆ ಬಂದ ಉಗ್ರಾಣಕ್ಕೆ ಸಿ. ಫ್ಲಾಪಿ ಹೋಯಿತು, ಹೆಸರು ಬದಲಿಸಿದರೆ ಹಳೆಯ ಪ್ರೋಗ್ರಾಮುಗಳು ದಾರಿ ತಪ್ಪುತ್ತವೆಂದು ಸಿ ಹಾಗೇ ಉಳಿಯಿತು. ಸೇವ್ ಮಾಡಲು ಒತ್ತುವ ಚಿತ್ರ ಇದೆಯಲ್ಲ, ಅದು ಆ ಫ್ಲಾಪಿಯದೇ. ಚಿರಂತ್, ಒಂದು ಫೋಲ್ಡರ್ ಮಾಡಿ ಅದಕ್ಕೆ ಸಿ, ಓ, ಎನ್ ಎಂಬ ಮೂರೇ ಅಕ್ಷರದ ಹೆಸರಿಡಲು ಹೋಗು. ವಿಂಡೋಸ್ ಒಪ್ಪುವುದಿಲ್ಲ. ಹಿಂದೆ ಕೀಲಿಮಣೆ, ಪರದೆ ಎರಡಕ್ಕೂ ಸೇರಿ ಅದೇ ಹೆಸರಿತ್ತಂತೆ. ಅದನ್ನು ಇನ್ನೊಬ್ಬರಿಗೆ ಕೊಡುವುದಿಲ್ಲ ಎಂದು ಇವತ್ತಿಗೂ ಹಟ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ.

ಹೆಂಗಸರೆಲ್ಲರ ಹೆಸರು, ಹುಟ್ಟಿದ ದಿನ ಕಂಪ್ಯೂಟರಿಗೆ ಸೇರಿಸಬೇಕೆಂದ ಕಿರಣ. ನಮ್ಮಲ್ಲಿ ಹುಟ್ಟಿದ ದಿನ ಯಾರಿಗೆ ಗೊತ್ತು? ಸ್ಕೂಲಿಗೆ ಹೋದವರಿಗೆ ಮೇಷ್ಟ್ರು ಜೂನ್ ಒಂದು ಎಂದು ಬರೆದಿದ್ದರು. ಹೋಗದವರಿಗೂ ಕಿರಣ ಅದನ್ನೇ ಹಾಕಿದ. ಇಸವಿಯನ್ನು ಮಾತ್ರ ವೋಟಿನ ಕಾರ್ಡು ನೋಡಿ, ಕೊನೆಯ ಎರಡಂಕಿ ಒತ್ತುತ್ತ ಹೋದ. ಅತ್ತೆಗೆ ಇಪ್ಪತ್ತೆಂಟು, ಚಿಕ್ಕತ್ತೆಗೆ ಮೂವತ್ತು. ಇನ್ನು ಮುಂದೆ ಕಂಪ್ಯೂಟರಿನ ಸಾಲಿನಂತೆಯೇ ಹಾಲು ಹೊಯ್ಯಬೇಕು ಎಂದಾಗ ಹೆಂಗಸರೆಲ್ಲ, ಹಾಗಾದರೆ ವಯಸ್ಸಿನ ಪ್ರಕಾರ ಮಾಡು, ಮಳೆಯಲ್ಲಿ ಮುದುಕಿಯರು ನಿಲ್ಲುವುದು ಬೇಡ ಎಂದರು. ಅವನು ಹಾಗೇ ಮಾಡಿದ.

ಮಾರನೆಯ ಬೆಳಿಗ್ಗೆ ಅವನೇ ಹೆಸರು ಕೂಗಲು ನಿಂತ. ಮೊದಲ ಹೆಸರು ದೇವಮ್ಮ ಎಂದು ಬಂತು. ಮುಂದಕ್ಕೆ ಹೆಜ್ಜೆಯಿಟ್ಟಿದ್ದ ಅತ್ತೆ ನಿಂತರು. ಕಿರಣ ಕೆಳಗೆ, ಇನ್ನೂ ಕೆಳಗೆ ನೋಡಿದ. ಎಲ್ಲರ ಕೊನೆಗೆ, ಮೊನ್ನೆ ಮದುವೆಯಾಗಿ ಬಂದಿದ್ದ ಹುಡುಗಿಗಿಂತಲೂ ಕೆಳಗೆ ನಂಜಮ್ಮ ಎಂದಿತ್ತು. ವಯಸ್ಸಿನ ಜಾಗದಲ್ಲಿ ಒಂದು ಅಡ್ಡಗೆರೆ, ಮುಂದೆ ಹದಿನೆಂಟು.

"ನಂಜಕ್ಕಂಗೆ ಹದ್ನೆಂಟಂತೆ ಕಣ್ರೇ!" ಎಂದು ಒಬ್ಬಳು ಕೂಗಿದಳು. "ಗಂಡು ಹುಡುಕ್ಬೇಕು ಅಂಗಾರೆ!" ಎಂದಳು ಇನ್ನೊಬ್ಬಳು. ಜಗಲಿಯೆಲ್ಲ ನಗು. ಅತ್ತೆಯೂ ನಕ್ಕರು.

ಕಿರಣ ತಲೆ ಕೆರೆದುಕೊಂಡು, "ಹದಿನೆಂಟಲ್ಲ, ಮೈನಸ್ ಹದಿನೆಂಟು. ಅಂದ್ರೆ ಅಜ್ಜಿ ಹುಟ್ಟೋಕೆ ಇನ್ನೂ ಹದಿನೆಂಟು ವರ್ಷ ಇದೆ ಅಂತಿದೆ ಇದು" ಎಂದ.

"ಅಂಗಾರೆ ಈ ಹಾಲು ಯಾರು ತಂದೋರು ಮಗ? ನನ್ ದೆವ್ವಾನಾ?" ಎಂದರು ಅತ್ತೆ.

ವ್ಯಾನು ಬರುವ ಹೊತ್ತಾಗಿತ್ತು. ಕಿರಣ ಇಪ್ಪತ್ತೊಂಬತ್ತು ಹಾಕಿ ನೋಡಿದ, ಅದಕ್ಕೂ ಮೈನಸ್. ಮೂವತ್ತು ಹಾಕಿದ. ಕಂಪ್ಯೂಟರ್ ಒಪ್ಪಿತು, ವಯಸ್ಸು ಎಂಬತ್ತು ಎಂದು ತೋರಿಸಿತು. "ಅಡ್ಜಸ್ಟ್ ಆಯ್ತು ಆಂಟಿ, ಎರಡು ವರ್ಷ ತಾನೆ" ಎಂದು ಅವನು ನಿಟ್ಟುಸಿರು ಬಿಟ್ಟ. ಆದರೆ ಈಗ ಅತ್ತೆ, ಚಿಕ್ಕತ್ತೆ ಇಬ್ಬರೂ ಒಂದೇ ವರ್ಷದ ಜೂನ್ ಒಂದರಂದು ಹುಟ್ಟಿದವರಾದರು. ವಯಸ್ಸು ಒಂದೇ ಆದರೆ ಅದು ಹೆಸರಿನ ಅಕ್ಷರ ನೋಡುತ್ತದೆ. ದೇವಮ್ಮ ಮೊದಲು, ನಂಜಮ್ಮ ಆಮೇಲೆ.

"ಅವ್ಳಿಜವ್ಳಿ!" ಎಂದು ಹಿಂದಿನಿಂದ ಯಾರೋ ಅಂದರು.

ಈ ಸಲ ಅತ್ತೆ ನಗಲಿಲ್ಲ. "ಅವ್ಳು ಈ ಮನೆಗೆ ಬಂದಾಗ ಹೊಸ್ಲ ಮೇಲೆ ಸೇರಕ್ಕಿ ಇಟ್ಟೋಳು ನಾನು. ನಮ್ಮತ್ತೆ ಬೈತಾರೆ ಅಂತ ಅವ್ಳು ಅತ್ರೆ ಮಡ್ಲಾಗೆ ಮಲಗಿಸ್ಕೊಂಡೋಳು ನಾನು. ಈಗ ನಾನು, ಅವ್ಳು ಒಂದೇ ದಿನ ಹುಟ್ಟಿದ್ದಾ?" ಎಂದರು. ಅತ್ತೆ ಕ್ಯಾನಿನ ಮುಚ್ಚಳ ಒತ್ತಿ ಹಾಕಿ, ಮಳೆಯಲ್ಲೇ ವಾಪಸು ಹೊರಟರು. ಆ ಮೊದಲ ಅಳತೆ ಚಿಕ್ಕತ್ತೆ ಹೊಯ್ದರು. ಖುಷಿಯಿಂದಲೇ ಹೊಯ್ದರು, ಸುಳ್ಳು ಯಾಕೆ ಹೇಳಲಿ.

ಅವತ್ತಿನಿಂದ ಅತ್ತೆ ಡೈರಿಗೆ ಬರುವುದನ್ನು ಬಿಟ್ಟರು. ಹಾಲನ್ನು ನಾನು ತೆಗೆದುಕೊಂಡು ಹೋಗುತ್ತೇನೆಂದರೆ ಅದಕ್ಕೂ ಬಿಡಲಿಲ್ಲ. ಹೆಪ್ಪು ಹಾಕಿದರು, ಕರುವಿಗೆ ಬಿಟ್ಟರು, ಬೀದಿಯ ಮಕ್ಕಳನ್ನು ಕರೆದು ಕುಡಿಸಿದರು. ಮನೆಯಲ್ಲಿ ಮೊಸರಿನ ಗಡಿಗೆ ಇಡಲು ಜಾಗವಿಲ್ಲದಂತಾಯಿತು. ಅದಕ್ಕಿಂತ ನನಗೆ ಹೆದರಿಕೆಯಾದದ್ದು ಅವರು ಎದ್ದು ಓಡಾಡುವುದನ್ನೇ ಕಡಿಮೆ ಮಾಡಿದ್ದಕ್ಕೆ. ಕೋಳಿ ಕೂಗುವ ಮೊದಲೇ ಏಳುತ್ತಿದ್ದವರು ಬೆಳಕಾದರೂ ಕಂಬಳಿ ಹೊದ್ದು ಗೋಡೆಯ ಕಡೆ ತಿರುಗಿರುತ್ತಿದ್ದರು. "ಬನ್ನಿ ಅತ್ತೆ" ಎಂದರೆ, "ಹುಟ್ದೇ ಇರೋರು ಎಲ್ಲಿಗವ್ವಾ ಬರಾದು" ಎನ್ನುತ್ತಿದ್ದರು. ಆ ವಯಸ್ಸಿನವರು ಹಾಗೆ ಮಲಗಿಬಿಟ್ಟರೆ ಮತ್ತೆ ಏಳುತ್ತಾರೆಂಬ ನಂಬಿಕೆ ಇಲ್ಲ. ನಿಮ್ಮ ತಾತ ಹೋದ ಮೇಲೆ ನನ್ನನ್ನು ಹಿಡಿದು ನಿಲ್ಲಿಸಿದವರು ಅವರು. ನನಗೆ ಊಟ ಸೇರಲಿಲ್ಲ.

ಚಿಕ್ಕತ್ತೆಗೂ ಸೇರಲಿಲ್ಲ. ಮೊದಲೆರಡು ದಿನ ತಲೆಯೆತ್ತಿ ನಡೆದರು. ಆಮೇಲೆ ಹೊಯ್ಯುವ ಮೊದಲು ಬೀದಿಯ ಕಡೆ ತಿರುಗಿ ನೋಡುತ್ತಿದ್ದರು. ಒಂದು ಸಂಜೆ ಗೋಡೆಯ ಆಚೆಯಿಂದ ಜೋರಾಗಿ, "ಯಾರ್ದೋ ಕೋಳಿ ನಮ್ ಕಡೆ ಬಂದೈತೆ" ಎಂದರು. ಅತ್ತೆ ಕಂಬಳಿಯನ್ನು ಕಿವಿಯ ಮೇಲೆ ಎಳೆದುಕೊಂಡರು. ಸ್ವಲ್ಪ ಹೊತ್ತಿಗೆ ಅವರೇ ಕೋಳಿ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು.

"ಅಕ್ಕಾ, ಬಾಯಿ ಬುಟ್ಟು ಬೈಯಾದ್ರೂ ಬೈಯೇ."

"ಅವ್ಳಿಜವ್ಳೀಲಿ ಒಬ್ಳ ಬಾಯಿ ಸಾಕು. ನಿಂದೇ ಐತಲ್ಲ."

ಚಿಕ್ಕತ್ತೆ ಕೋಳಿಯನ್ನು ಬಿಟ್ಟು, ನನ್ನ ಕಡೆ ತಿರುಗಿ, "ಏನೇ ಜಯಾ, ಅಷ್ಟು ದೂರ ಓಗಿ ಕಲೀತೀಯಲ್ಲ, ಆ ಮಿಷನ್‌ಗೆ ಯಾಕಂಗೆ ತಲೆ ಕೆಟ್ಟೈತೆ ಅಂತ ಕೇಳಕ್ಕಾಗಲ್ವಾ ನಿಂಗೆ?" ಎಂದು ಗದರಿದರು.

ಮಾರನೆಯ ದಿನ ಕ್ಲಾಸಿನಲ್ಲಿ ನಾನು ಎದ್ದು ನಿಂತೆ. ಹುಡುಗಿಯರೆಲ್ಲ ಹಿಂತಿರುಗಿದರು. ಮಡಿಲಲ್ಲಿದ್ದ ಛತ್ರಿ ಕೆಳಗೆ ಬಿತ್ತು. "ಸಾ, ನಮ್ಮತ್ತೆ ಇನ್ನೂ ಹುಟ್ಟಿಲ್ಲ ಅಂತದೆ ಸಾ" ಎಂದೆ. ಹುಡುಗಿಯರು ಕಿಸಕ್ಕೆಂದರು. ಮೇಷ್ಟ್ರು ನಗಲಿಲ್ಲ. ಪೂರ್ತಿ ಕೇಳಿದರು. ಇಪ್ಪತ್ತೊಂಬತ್ತಕ್ಕೆ ಮೈನಸ್, ಮೂವತ್ತಕ್ಕೆ ಸರಿ ಎಂದೊಡನೆ ಅವರ ಮುಖ ಅರಳಿತು.

"ಕೂತ್ಕೊಳ್ಳಿ ಜಯಮ್ಮೋರೆ. ನಿಮ್ಮತ್ತೆ ದೊಡ್ಡ ಕಥೆಗೇ ಸಿಕ್ಕಿಹಾಕ್ಕೊಂಡಿದಾರೆ" ಎಂದು ಹೇಳತೊಡಗಿದರು. ಮೊದಲ ಕಂಪ್ಯೂಟರುಗಳಲ್ಲಿ ಜಾಗಕ್ಕೆ ಬಹಳ ಬರವಿತ್ತು. ಹಾಗಾಗಿ ಇಸವಿಯ ಮುಂದಿನ ಹತ್ತೊಂಬತ್ತನ್ನು ಬಿಟ್ಟು ಎರಡೇ ಅಂಕಿ ಬರೆದಿಡುತ್ತಿದ್ದರು. ಎರಡು ಸಾವಿರದ ಇಸವಿ ಹತ್ತಿರ ಬಂದಾಗ ಎಲ್ಲರಿಗೂ ದಿಗಿಲಾಯಿತು, ಸೊನ್ನೆ ಸೊನ್ನೆ ಎಂದರೆ ಯಾವ ಶತಮಾನ? ಆಗ ಒಂದು ಗೆರೆ ಎಳೆದರು. ಯಾರಾದರೂ ಎರಡೇ ಅಂಕಿ ಒತ್ತಿದರೆ, ಮೂವತ್ತರಿಂದ ಮೇಲಿನದು ಹಳೆಯ ಶತಮಾನ, ಮೂವತ್ತಕ್ಕಿಂತ ಕೆಳಗಿನದು ಹೊಸದು. ಆಗಿನ್ನೂ ೨೦೧೦ನೇ ಇಸವಿ, ಅತ್ತೆಯ ಇಪ್ಪತ್ತೆಂಟನ್ನು ಅದು ೨೦೨೮ ಎಂದು ಓದಿಕೊಂಡಿತ್ತು.

ಮೇಷ್ಟ್ರು ನನ್ನನ್ನು ಮುಂದಕ್ಕೆ ಕರೆದು, ಸೆಟ್ಟಿಂಗಿನ ಒಳಗೆ, ಅದರ ಒಳಗೆ, ತಾರೀಕು ಎಂಬ ಕಡೆ ಒಂದು ಸಣ್ಣ ಚೌಕ ತೋರಿಸಿದರು. ೧೯೩೦ರಿಂದ ೨೦೨೯ ಎಂದಿತ್ತು. ನಮ್ಮ ಮನೆಯ ಆ ದುಃಖವೆಲ್ಲ ಅಷ್ಟು ಸಣ್ಣ ಚೌಕದಲ್ಲಿತ್ತು.

"ಎಲ್ಲೋ ಗೆರೆ ಎಳೀಲೇಬೇಕಿತ್ತು, ಎಳೆದ್ರು. ಇಪ್ಪತ್ತೆಂಟರಲ್ಲಿ ಹುಟ್ಟಿದೋರೊಬ್ರು ಈಗಲೂ ಹಾಲು ಹೊತ್ಕೊಂಡ್ ಬರ್ತಾರೆ ಅಂತ ಪಾಪ ಅವ್ರಿಗೇನು ಗೊತ್ತು? ನಾಲ್ಕಂಕಿ ಪೂರ್ತಿ ಒತ್ತಿ ಜಯಮ್ಮೋರೆ. ಅದು ಊಹೆ ಮಾಡೋದು ಬಿಡುತ್ತೆ" ಎಂದರು ಮೇಷ್ಟ್ರು. ಈಗಿನ ಕಂಪ್ಯೂಟರುಗಳಲ್ಲಿ ಆ ಗೆರೆಯನ್ನು ಇನ್ನೂ ಮುಂದಕ್ಕೆ ಸರಿಸಿದ್ದಾರಂತೆ, ನಿಮ್ಮಮ್ಮ ಹೇಳಿದಳು.

ಕಿರಣನಿಗೆ ಫೋನು ಮಾಡಿದೆ. "ಲಿಸ್ಟ್ ಮುಟ್ಟಬೇಡಿ ಆಂಟಿ, ಎಲ್ಲಾ ಕೆಟ್ಟೋದ್ರೆ ಕಷ್ಟ. ಮುಂದಿನ ವಾರ ಚನ್ನರಾಯಪಟ್ಟಣದ ಕಡೆ ಕೆಲಸ ಮುಗಿಸ್ಕೊಂಡು ನಾನೇ ಬರ್ತೀನಿ" ಎಂದ. ಮುಂದಿನ ವಾರದವರೆಗೆ ಕಾಯುವ ಧೈರ್ಯ ನನಗಿರಲಿಲ್ಲ. ಮುಟ್ಟುವ ಧೈರ್ಯವೂ ಇರಲಿಲ್ಲ. ಮನೆಗೆ ಬಂದು ಚಿಕ್ಕತ್ತೆಗೆ ಹೇಳಿದೆ. ಅವರು, "ಕೆಟ್ರೆ ಕೆಡ್ಲಿ, ನಾನಿವ್ನಿ" ಎಂದರು.

ಮರುದಿನ ಬೆಳಿಗ್ಗೆ ಮಳೆ ಕೊಂಚ ಹೊಳವಾಗಿತ್ತು. ಹೆಂಗಸರೆಲ್ಲ ಸೇರಿದ್ದರು. ಬೀದಿಯ ಆ ತುದಿಯಿಂದಲೇ ಇಬ್ಬರ ದನಿ ಕೇಳಿತು.

"ಬುಡೇ ನನ್ ಕೈಯ!"

"ಬಾ ಅಕ್ಕಾ, ಆ ಮಿಷನ್ ಏನಂತದೋ ನೋಡೇಬುಡಾನ. ನೀನು ಚಿಕ್ಕೋಳು ಅಂದ್ರೆ ನಾಳೆಯಿಂದ ನೀನೇ ನಂಗೆ ಅಕ್ಕಾ ಅನ್ನು."

"ನಿನ್ ಬಾಯಿಗಿಷ್ಟು!"

ಚಿಕ್ಕತ್ತೆ ಒಂದು ಕೈಯಲ್ಲಿ ತಮ್ಮ ಕ್ಯಾನು, ಇನ್ನೊಂದು ಕೈಯಲ್ಲಿ ಅತ್ತೆಯ ರಟ್ಟೆ ಹಿಡಿದಿದ್ದರು. ಅತ್ತೆ ಬೈಯುತ್ತಲೇ ಬಂದರು. ಆದರೆ ಅವರ ಕೈಯಲ್ಲೂ ಕ್ಯಾನಿತ್ತು, ಅದನ್ನು ನಾನು ಗಮನಿಸಿದೆ.

ಎಲ್ಲರೂ ಕಿಟಕಿಗೆ, ಬಾಗಿಲಿಗೆ ಮುಖ ಒತ್ತಿ ನಿಂತರು. ನಾನು ಕಂಪ್ಯೂಟರಿನ ಮುಂದೆ ಕೂತೆ. ಅತ್ತೆಯ ಸಾಲಿಗೆ ಹೋಗಿ, ಮೂವತ್ತನ್ನು ಅಳಿಸಿ, ಒಂದು, ಒಂಬತ್ತು, ಎರಡು, ಎಂಟು ಎಂದು ಬಾಯಲ್ಲೇ ಹೇಳಿಕೊಳ್ಳುತ್ತ ಒತ್ತಿದೆ. ಎಂಟರ್ ಒತ್ತಿದೆ. ವಯಸ್ಸಿನ ಪ್ರಕಾರ ಜೋಡಿಸು ಎಂಬುದನ್ನು ಒತ್ತಿದೆ. ಪರದೆ ಒಂದು ಸಲ ಮಿಟುಕಿತು.

"ಓದೇ, ಗಟ್ಟಿಯಾಗ್ ಓದು" ಎಂದರು ಚಿಕ್ಕತ್ತೆ.

ಅತ್ತೆಯ ಹೆಸರನ್ನು ಅವರ ಎದುರಿಗೆ ನಾನು ಅದುವರೆಗೂ ಬಾಯಿಬಿಟ್ಟು ಹೇಳಿದವಳಲ್ಲ. ಎದ್ದು ನಿಂತು ಹೇಳಿದೆ. "ನಂಜಮ್ಮ. ಎಂಬತ್ತೆರಡು ವರ್ಷ. ಎಲ್ಲಾರ್ಗಿಂತ ಮೊದ್ಲು."

ಬಾಗಿಲಲ್ಲಿದ್ದವರು ಸರಿದು ದಾರಿ ಬಿಟ್ಟರು. ಅತ್ತೆ ಸೆರಗು ಸರಿಮಾಡಿಕೊಂಡು ಒಳಗೆ ಬಂದರು. ಕ್ಯಾನಿನ ಮುಚ್ಚಳ ತೆಗೆದರು. ಅಳತೆಯ ಪಾತ್ರೆಯ ಮೇಲೆ ಬಗ್ಗಿಸಲು ಎತ್ತಿದವರು ಅಲ್ಲೇ ನಿಂತರು. ಹಿಂತಿರುಗಿ, "ಏ ದೇವಿ, ಬಾ ಇಲ್ಲಿ. ನೀನು ಮೊದ್ಲು ಹುಯ್ಯಿ" ಎಂದರು.

"ನಾನ್ಯಾಕೆ? ಮಿಷನ್ ನಿನ್ ಹೆಸ್ರು ಹೇಳೈತೆ."

"ನಾನು ದೊಡ್ಡೋಳು ತಾನೆ? ಹೇಳ್ದಷ್ಟು ಮಾಡು."

ಚಿಕ್ಕತ್ತೆ ಮೂಗು ಒರೆಸಿಕೊಂಡು ಮುಂದೆ ಬಂದರು. ಅವರು ಹಾಲು ಹೊಯ್ಯುವಾಗ ಅತ್ತೆ ಪಾತ್ರೆಯ ಅಂಚು ಹಿಡಿದುಕೊಂಡು, "ಚೆಲ್ಬ್ಯಾಡ್ವೇ, ನೆಟ್ಟಗೆ ಹುಯ್ಯಿ, ಇಷ್ಟು ವರ್ಷ ಆದ್ರೂ ಒಂದ್ ಕೆಲ್ಸ ಬರಾದಿಲ್ಲ" ಎಂದು ಬೈಯುತ್ತಿದ್ದರು. ಚಿಕ್ಕತ್ತೆಗೆ ಅಷ್ಟು ಬೈಗುಳ ಕೇಳಿ ಎಷ್ಟೋ ದಿನವಾಗಿತ್ತು.

ಮುಂದಿನ ವಾರ ಕಿರಣ ಬಂದು ನೋಡಿ, "ಆಂಟಿ, ನೀವೇ ಮಾಡಿದ್ರಾ?" ಎಂದ. ನಾನು ತಲೆಯಾಡಿಸಿದೆ. ಬೇರೆ ಊರುಗಳ ಮುದುಕಿಯರನ್ನೂ ಹುಟ್ಟಿಸಲು ಅವನು ಬೈಕು ಹತ್ತಿ ಹೋದ.

ಆಮೇಲೆ ಅತ್ತೆ ಮೂರು ಮಳೆಗಾಲ ಡೈರಿಗೆ ನಡೆದು ಬಂದರು. ಅವರು ತೀರಿಕೊಂಡ ಮರುಬೆಳಿಗ್ಗೆ ಮೊದಲ ಅಳತೆ ಹೊಯ್ಯಲು ಚಿಕ್ಕತ್ತೆಯನ್ನು ಎಷ್ಟು ಕರೆದರೂ ಬರಲಿಲ್ಲ. ಅವರ ಹಾಲನ್ನು ಅವರ ಸೊಸೆ ತಂದು ಹೊಯ್ದಳು. ಈಗ ಚಿಕ್ಕತ್ತೆಯೂ ಇಲ್ಲ.

ಮಕ್ಕಳೇ, ಅವರಿಬ್ಬರೂ ಜೊತೆಯಲ್ಲಿರುವ ಫೋಟೋ ಒಂದೂ ಇಲ್ಲ. ಮದುವೆ ಮನೆಗಳಲ್ಲಿ ಒಬ್ಬರು ನಿಂತ ಕಡೆ ಇನ್ನೊಬ್ಬರು ನಿಲ್ಲುತ್ತಿರಲಿಲ್ಲ. ಇಬ್ಬರೂ ಒಟ್ಟಿಗೆ ನಿಂತಿರುವುದು ಇಲ್ಲಿ ಮಾತ್ರ, ಒಂದೇ ಪಾತ್ರೆಯ ಅಂಚಿನಲ್ಲಿ. ಈ ಹಾಳೆಗಳನ್ನು ನಿಮ್ಮಮ್ಮನ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ, ನೀರು ಸೋಂಕದಂತೆ ಇಡಿ. ಯಾರಿಗಾದರೂ ಓದಲು ಕೊಟ್ಟರೆ ವಾಪಸು ಕೇಳಿ ತೆಗೆದುಕೊಳ್ಳಿ.

ನಿಮ್ಮ ಅಜ್ಜಿ,
ಜಯಮ್ಮ